ಅಲ್ಲಿ ಇಳಿಯುವವರಿಲ್ಲ

ಹತ್ತೊಂಬತ್ತು ವರ್ಷ ಈ ರಸ್ತೆಯನ್ನು
ನಿಂತುಕೊಂಡೇ ದಾಟಿದವಳು ನಾನು.
ತಾಳತ್ತಮನೆ, ಬೆಟ್ಟಗೇರಿ, ಚೇರಂಬಾಣೆ, ಭಾಗಮಂಡಲ—
ಹೆಸರುಗಳು ಬಾಯಿಗೆ ಗೊತ್ತಿದ್ದವು,
ತಿರುವುಗಳು ಸೊಂಟಕ್ಕೆ,
ಚಿಲ್ಲರೆಯ ಭಾರ ಎಡಹೆಗಲಿಗೆ.
ಪಾದಕ್ಕೆ ಮಾತ್ರ ಏನೂ ಗೊತ್ತಿರಲಿಲ್ಲ.

ಮೊದಲ ಬೆಳಿಗ್ಗೆ ಡಿಪೋ ಗೇಟಿನಿಂದ ಪೆಟ್ರೋಲ್ ಬಂಕಿನ ತನಕ ಓಡಿ
ಟೈರಿಗೆ ಗಾಳಿ ಹಿಡಿಸಲು ಬಂದವಳಂತೆ ನಿಂತೆ.
ಬಂಕಿನ ಹುಡುಗ ಕಣ್ಣುಜ್ಜಿಕೊಂಡು
"ಎಷ್ಟು ಹಾಕಲಿ ಅಕ್ಕಾ?" ಅಂದ.

ಸಂಗಣ್ಣ ಹೂಗಾರ, ನನ್ನ ಡ್ರೈವರು, ಗಜೇಂದ್ರಗಡದ ಕಡೆಯವನು,
ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕ:
"ಸರಕಾರದ ಬಸ್ ಐತಿ, ಹೆಣ್ಮಕ್ಳಿಗೆ ಫ್ರೀ ಐತಿ,
ಮ್ಯಾಲ ನೀವು ಕಂಡಕ್ಟರು. ಓಡೂದ್ಯಾಕ್ರೀ ಮೇಡಂ?"
ಉತ್ತರ ಇರಲಿಲ್ಲ. "ರೈಟ್" ಅಂದೆ.
ವಾರ ಕಳೆದ ಮೇಲೆ ಅವನೇ ಮೀಟರು ನೋಡಿ ಹೇಳತೊಡಗಿದ—
ಆ ಹಲಸಿನ ಮರಕ್ಕ ಒಂಬತ್ತು,
ಮುರಿದ ಮೈಲಿಗಲ್ಲಿಗೆ ಹನ್ನೊಂದೂವರಿ.

ಫಾರಮ್ಮಿನಲ್ಲಿ ವಯಸ್ಸು ನಲವತ್ತಾರು ಎಂದು ಬರೆದೆ.
ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬಲ್ಲಿ
ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು
ಡಿಪೋ ನಂಬರು ಬರೆದೆ.

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ.
ಹದಿನೆಂಟು ಮದ್ದು ಮೈಯಲ್ಲಿವೆಯಲ್ಲ ಎಂದು
ಹದಿನೆಂಟು ಕಿಲೋಮೀಟರು ಓಡಿಬಿಟ್ಟೆ, ಸುರಿವ ಮಳೆಯಲ್ಲಿ.
ಮನೆಗೆ ಬಂದು ಕಾಲುಚೀಲ ಕಳಚಿದರೆ
ಟಿಕೆಟ್ಟಿಲ್ಲದ ಪ್ರಯಾಣಿಕರು, ಏಳು ಜಿಗಣೆ.
ದಂಡವೆಲ್ಲ ನನ್ನ ರಕ್ತದಲ್ಲೇ ಕಟ್ಟಿದ್ದಾಯಿತು.

ಆನೆ ಇಳಿದಿದೆ ಎಂದು ಮೆಸೇಜು ಬಂದ ದಿನ
ಕೆಟ್ಟು ನಿಂತ ಬಸ್ಸುಗಳ ಸುತ್ತ ಅರವತ್ತೊಂದು ಸುತ್ತು;
ಮೆಕ್ಯಾನಿಕ್ಕುಗಳು ಎಣಿಸಿದರು, ಜಗಳವಾಡಿದರು,
ಅರವತ್ತೇ ಅಂತ ಒಬ್ಬ ಇವತ್ತಿಗೂ ಸಾಧಿಸುತ್ತಾನೆ.

ಆಮೇಲೆ ಮೂವತ್ತೆರಡರ ದಿನ.
ರಜೆ ಹಾಕಿ, ಬೆಲ್ಲ ಸೆರಗಿನ ಗಂಟಲ್ಲಲ್ಲ, ಜೇಬಿನಲ್ಲಿಟ್ಟು—
ಜೇಬಿರುವ ಬಟ್ಟೆ ಹಾಕಿದ್ದೇ ಆ ವರ್ಷ—
ಬೆಟ್ಟಗೇರಿ ದಾಟುವಾಗ ಹಾಡಿಕೊಳ್ಳುತ್ತಿದ್ದೆ.
ಚೇರಂಬಾಣೆಯಲ್ಲಿ ಮೀನಖಂಡ ಹಗ್ಗದಂತೆ ಹುರಿಗೊಂಡಿತು.
ಅಂಗಡಿ ಜಗುಲಿ ಹಿಡಿದು ನಿಂತೆ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ.
ಎದುರಿನಿಂದ ನನ್ನದೇ ಬಸ್ಸು ಬಂತು.

ಹತ್ತಿದೆ.

ನನ್ನ ಜಾಗಕ್ಕೆ ಬಂದ ಬದಲಿ ಹುಡುಗ ತೀರ್ಥೇಶ
ಮುಖ ನೋಡದೆ ಮೆಷೀನು ಒತ್ತಿದ:
ಚೇರಂಬಾಣೆ–ಮಡಿಕೇರಿ, ಮಹಿಳೆ ಒಂದು, ಮೊತ್ತ ಸೊನ್ನೆ.
ಅಂಥ ಸಾವಿರ ಚೀಟಿ ಹರಿದು ಕೊಟ್ಟವಳು ನಾನು.
ಬೆಳಗಿನಿಂದ ಒಂದೊಂದಾಗಿ ಗಳಿಸಿದ್ದನ್ನು
ಬಸ್ಸು ಕಿಟಕಿಯಲ್ಲಿ ಹಿಂದುಹಿಂದಕ್ಕೆ ಎಣಿಸಿ
ಚಿಲ್ಲರೆಯಂತೆ ನನ್ನ ಕೈಗೇ ವಾಪಸು ಕೊಟ್ಟಿತು.
ಸಂಗಣ್ಣ ಕನ್ನಡಿಯಲ್ಲಿ ನೋಡಿದ, ಮಾತಾಡಲಿಲ್ಲ.
ತಿರುವುಗಳಲ್ಲಿ ಮಾತ್ರ ನಿಧಾನ ಹೊಡೆದ.

ಆ ಚೀಟಿ ಶೂ ಒಳಗಿದೆ, ಬೆವರಿಗೆ ಅಕ್ಷರ ಅಳಿಸಿದೆ.

ಬರುವ ಭಾನುವಾರ ಮೈಸೂರು. ಸಪಾಟು ರಸ್ತೆ ಅಂತಾರೆ.
ಇಡೀ ದೂರ ನಾನಿನ್ನೂ ಒಮ್ಮೆಯೂ ಓಡಿಲ್ಲ.
ಇವತ್ತು ತಲಕಾವೇರಿ ಟ್ರಿಪ್ಪು. ಭಾಗಮಂಡಲ ದಾಟಿ ಏರು ಹಿಡಿದ ಮೇಲೆ
ಸಂಗಣ್ಣ ಹಿಂದೆ ತಿರುಗದೆ ಅಂದ:
"ಬಂತ್ರೀ ಮೇಡಂ, ನಲವತ್ತೆರಡು.
ಮ್ಯಾಲ ಇನ್ನೂರು ಮೀಟರ್ ಇರತೈತಂತಲ್ರೀ, ಅದನ್ನೂ ಹಿಡದೇನಿ."
ಒಂದು ಮೋರಿ. ಪಾಚಿ. ಮಂಜು.
ತಂಗುದಾಣವಿಲ್ಲ, ಬೋರ್ಡಿಲ್ಲ,
ನನ್ನ ಮೆಷೀನಿನಲ್ಲಿ ಈ ಜಾಗಕ್ಕೆ ಹೆಸರೇ ಇಲ್ಲ.
ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ಇಳಿದದ್ದು ನೋಡಿಲ್ಲ.

ಒಂದು ಸೀಟಿ ಊದಿದೆ. ಬಸ್ಸು ನಿಂತಿತು.
ಇಳಿದು ಮೋರಿಯ ಕಲ್ಲಿಗೆ ಅಂಗೈ ಇಟ್ಟೆ:
ತಣ್ಣಗೆ, ಒದ್ದೆ, ಯಾರದೂ ಅಲ್ಲದ ಕಲ್ಲು.
ಕಿಟಕಿಯಿಂದ ಒಬ್ಬ ಅಜ್ಜಿ ಕತ್ತು ಹಾಕಿ
"ಏನಾದರೂ ಬಿದ್ದುಹೋಯಿತೇ ಕಂಡಕ್ಟ್ರೇ?" ಅಂದಳು.
ಇಲ್ಲಜ್ಜಿ ಅಂದೆ. ಹತ್ತಿದೆ.
ಅಂಗೈ ಲಂಗಕ್ಕಲ್ಲ, ಖಾಕಿಗೆ ಒರೆಸಿಕೊಂಡು

ಎರಡು ಸೀಟಿ.